ಟ್ರಂಕು ಕಟ್ಟುವ ಮೊದಲು ನಿಯಮದ ಪುಸ್ತಕ ತೆಗೆಯಿರಿ: ಮಗು ಹಾಸ್ಟೆಲ್ ಶಾಲೆಗೆ ಹೊರಟಾಗ

ಹೊಸ ವರ್ಷಕ್ಕೆ ಹಾಸ್ಟೆಲ್ ತೆರೆಯುವ ದಿನ ಗೇಟಿನ ಪಕ್ಕ ಮೇಜು ಹಾಕಿಕೊಂಡು ಕೂರುವುದು ವಾರ್ಡನ್ ಕೆಲಸ. ಒಂಬತ್ತು ವರ್ಷ ಆ ಮೇಜಿನ ಹಿಂದೆ ನಾನು ಕೂತಿದ್ದೇನೆ. ಪ್ರತಿ ವರ್ಷವೂ ಒಂದೇ ಜಗಳ. ಯಾರದಾದರೂ ಟ್ರಂಕಿನಿಂದ ನೀರು ಕಾಯಿಸುವ ಕೆಟಲ್ ಹೊರಗೆ ಬರುತ್ತದೆ. ನಾನು ಬೇಡ ಅನ್ನುತ್ತೇನೆ. ‘ಮೇಡಂ, ಅವನಿಗೆ ತಣ್ಣೀರು ಆಗಲ್ಲ’ ಅಂತ ಅಮ್ಮ. ‘ಇಷ್ಟು ಸಣ್ಣದಕ್ಕೆ ಏನು ರೂಲ್ಸು’ ಅಂತ ಅಪ್ಪ. ನಡುವೆ ಹನ್ನೊಂದು ವರ್ಷದ ಹುಡುಗ ಕೆಟಲ್ ಹಿಡಿದುಕೊಂಡು ನಿಂತಿರುತ್ತಾನೆ, ಮುಖ ಕೆಂಪಾಗಿರುತ್ತದೆ. ಆ ಜಾಗದಲ್ಲಿ ಅವನ ಮೊದಲ ಹತ್ತು ನಿಮಿಷ ಹೀಗೆ ಕಳೆಯುತ್ತದೆ.

ಕೆಟಲ್ ತರಬಾರದು ಅಂತ ಪುಸ್ತಕದ ನಾಲ್ಕನೇ ಪುಟದಲ್ಲೇ ಇತ್ತು. ಓದಿರಲಿಲ್ಲ, ಅಷ್ಟೇ.

ಆಮೇಲೆ ನನ್ನ ಮಗಳನ್ನೂ ಹಾಸ್ಟೆಲ್ಲಿಗೆ ಕಳಿಸಿದೆ. ವಾರ್ಡನ್ ಆಗಿದ್ದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೂ ತಪ್ಪು ಮಾಡಿದೆ, ಅದನ್ನು ಮುಂದೆ ಹೇಳುತ್ತೇನೆ. ಟ್ರಂಕು ಕಟ್ಟುವುದು ಒಂದು ದಿನದ ಕೆಲಸ. ಮಗು ತಯಾರಾಗಲು ಆರು ವಾರ ಬೇಕು. ನಾವೆಲ್ಲ ಆ ಒಂದು ದಿನದ ಕೆಲಸವನ್ನೇ ಆರು ವಾರ ಮಾಡುತ್ತೇವೆ.

ಆರು ವಾರ ಮೊದಲು: ಪುಸ್ತಕ, ಪೆನ್ಸಿಲ್, ಮಗು

ಶಾಲೆ ಕೊಟ್ಟ ನಿಯಮದ ಪುಸ್ತಕವನ್ನು ನೀವೊಬ್ಬರೇ ಓದಬೇಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೇ ಸಲಕ್ಕೆ ಮುಗಿಸಲೂ ಬೇಡಿ. ದಿನಕ್ಕೆ ಎರಡು ಪುಟ ಸಾಕು. ಪೆನ್ಸಿಲ್ ಹಿಡಿದು ನಾಲ್ಕು ವಿಷಯಕ್ಕೆ ಗುರುತು ಹಾಕಿ. ತಾರೀಖುಗಳು: ತೆರೆಯುವ ದಿನ, ಭೇಟಿಯ ದಿನ, ರಜೆಯ ದಿನ. ತರಬಾರದ ವಸ್ತುಗಳು. ಮಗುವನ್ನು ಹೊರಗೆ ಕರೆದುಕೊಂಡು ಹೋಗಲು ಯಾರಿಗೆ ಅನುಮತಿ. ನಿಯಮ ಮುರಿದರೆ ಏನಾಗುತ್ತದೆ.

ಮಕ್ಕಳಿಗೆ ನಿಯಮಕ್ಕಿಂತ ಅದರ ಕಾರಣ ಬೇಗ ಮನಸ್ಸಿಗೆ ಹತ್ತುತ್ತದೆ. ಆದರೆ ಪುಸ್ತಕದಲ್ಲಿ ಕಾರಣ ಇರುವುದಿಲ್ಲ. ಅದನ್ನು ನೀವೇ ಹೇಳಬೇಕು. ನನಗೆ ಗೊತ್ತಿರುವ ಕೆಲವು ಇಲ್ಲಿವೆ.

ಕೆಟಲ್, ಹೀಟರ್ ಕಾಯಿಲ್, ಇಸ್ತ್ರಿ ಪೆಟ್ಟಿಗೆ, ಮೇಣದಬತ್ತಿ ಬೇಡ ಅನ್ನುವುದು ಬೆಂಕಿಯ ಭಯಕ್ಕೆ. ಒಂದು ಕೋಣೆಯಲ್ಲಿ ಇಪ್ಪತ್ತು ಹಾಸಿಗೆ, ಇಪ್ಪತ್ತು ಹೊದಿಕೆ, ಬಾಗಿಲು ಒಂದೋ ಎರಡೋ. ಕಾಯಿಲ್ ಆಫ್ ಮಾಡಲು ಮರೆತ ಒಬ್ಬನಿಂದ ಎಲ್ಲರಿಗೂ ಅಪಾಯ. ಇದರಲ್ಲಿ ಚೌಕಾಸಿ ಇಲ್ಲ.

ರಾತ್ರಿ ಹಾಜರಿಯ ಹೊತ್ತಿಗೆ ಅವರವರ ಹಾಸಿಗೆಯಲ್ಲೇ ಇರಬೇಕು ಅನ್ನುವ ನಿಯಮ ಮಕ್ಕಳಿಗೆ ಜೈಲಿನ ಹಾಗೆ ಕಾಣುತ್ತದೆ. ಗೆಳೆಯನ ಹಾಸಿಗೆಯಲ್ಲಿ ಕೂತು ಹರಟುತ್ತಿದ್ದರೆ ಏನು ಕಷ್ಟ? ಕಷ್ಟ ಇರುವುದು ಎಣಿಕೆಯಲ್ಲಿ. ನಡುರಾತ್ರಿ ಬೆಂಕಿಯ ಗಂಟೆ ಹೊಡೆದರೆ ವಾರ್ಡನ್ ಕೈಯಲ್ಲಿರುವುದು ಆ ಹಾಜರಿ ಪಟ್ಟಿ ಮಾತ್ರ. ಮೈದಾನದಲ್ಲಿ ನಿಲ್ಲಿಸಿ ಎಣಿಸಿದಾಗ ಒಬ್ಬ ಕಡಿಮೆ ಬಂದರೆ ಅವನನ್ನು ಹುಡುಕಲು ಯಾರೋ ಹೊಗೆಯ ಒಳಗೆ ಹೋಗಬೇಕು. ಅವನು ಪಕ್ಕದ ಕೋಣೆಯವರ ಸಾಲಿನಲ್ಲಿ ಸುಮ್ಮನೆ ನಿಂತಿರುತ್ತಾನೆ! ಇದನ್ನು ಹೇಳಿದ ಮೇಲೆ ನನ್ನ ಮಕ್ಕಳು ಹಾಜರಿಗೆ ತಡ ಮಾಡುವುದು ಕಡಿಮೆ ಮಾಡಿದರು. ಪೂರ್ತಿ ಬಿಡಲಿಲ್ಲ, ಮಕ್ಕಳಲ್ವಾ.

ಬಟ್ಟೆ, ಟವೆಲ್, ಬಾಚಣಿಗೆ ಹಂಚಿಕೊಳ್ಳಬಾರದು ಅನ್ನುವುದು ಕಜ್ಜಿ ಮತ್ತು ಹೇನಿಗಾಗಿ. ಕೋಣೆಯಲ್ಲಿ ತಿಂಡಿ ಇಡಬಾರದು ಅನ್ನುವುದು ಇರುವೆ, ಇಲಿಗಾಗಿ. ಯಾರಿಗೋ ಕಡಲೆಕಾಯಿ ಅಲರ್ಜಿ ಇರುವ ಸಾಧ್ಯತೆಯೂ ಇದೆ. ದುಬಾರಿ ವಾಚು, ಚಿನ್ನದ ಓಲೆ ಬೇಡ ಅನ್ನುವುದು ಬರೀ ಕಳ್ಳತನದ ಭಯಕ್ಕಲ್ಲ. ಒಂದು ವಾಚು ಕಾಣೆಯಾದರೆ ಕೋಣೆಯ ಇಪ್ಪತ್ತು ಮಕ್ಕಳ ಮೇಲೂ ಅನುಮಾನ ಬರುತ್ತದೆ. ಎಷ್ಟೋ ಸಲ ಆ ವಾಚು ಟ್ರಂಕಿನ ಮೂಲೆಯಲ್ಲೇ ಸಿಗುತ್ತದೆ. ಆದರೆ ಬಂದ ಅನುಮಾನ ಬೇಗ ಹೋಗುವುದಿಲ್ಲ.

ಇನ್ನು ಕೆಲವು ನಿಯಮಗಳಿಗೆ ಕಾರಣವೇ ಇರುವುದಿಲ್ಲ. ಯಾವ ಬಣ್ಣದ ರಿಬ್ಬನ್, ಯಾವ ಮೆಟ್ಟಿಲು ದೊಡ್ಡ ಮಕ್ಕಳದು, ಇಂಥವು. ಹಿಂದಿನಿಂದ ಬಂದಿವೆ, ಹಾಗೇ ಇವೆ. ಮಗುವಿಗೂ ಹಾಗೇ ಹೇಳಿ. ಇಲ್ಲದ ಕಾರಣ ಹುಟ್ಟಿಸಿ ಹೇಳಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಈಗ ನಿಮ್ಮ ಸರದಿ. ಪುಸ್ತಕದಲ್ಲಿ ಏನು ಬರೆದಿಲ್ಲವೋ ಅದನ್ನು ಶಾಲೆಗೆ ಕೇಳಿ. ರಾತ್ರಿ ಆ ಮಹಡಿಯಲ್ಲಿ ಎಷ್ಟು ಜನ ದೊಡ್ಡವರು ಮಲಗುತ್ತಾರೆ? ಬೆಂಕಿಯ ಡ್ರಿಲ್ ಯಾವಾಗ ಮಾಡಿಸುತ್ತಾರೆ? ದೊಡ್ಡ ಮಕ್ಕಳು ಚಿಕ್ಕವರಿಗೆ ಕಾಟ ಕೊಟ್ಟರೆ ದೂರು ಎಲ್ಲಿ, ಯಾರಿಗೆ? ವಾರ್ಡನ್ ಮೇಲೇ ದೂರು ಇದ್ದರೆ? ಈ ಕೊನೆಯ ಪ್ರಶ್ನೆ ಕೇಳಲು ಸಂಕೋಚ ಆಗುತ್ತದೆ. ಕೇಳಿ. ಸರಿಯಾದ ಶಾಲೆ ಅದಕ್ಕೆ ಸಿಟ್ಟಾಗುವುದಿಲ್ಲ, ಒಂದು ಹೆಸರು ಹೇಳುತ್ತದೆ.

ಶಿಕ್ಷೆಯ ಬಗ್ಗೆಯೂ ಕೇಳಲೇಬೇಕು. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ, ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತೆ ಇರಬೇಕು ಎನ್ನುತ್ತದೆ. ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಇದಕ್ಕೆ ಒಪ್ಪಿವೆ. ಆಟ ಒಂದು ದಿನ ಬಿಡಿಸುವುದು, ಹೆಚ್ಚಿನ ಕೆಲಸ ಕೊಡುವುದು, ಮನೆಗೆ ಪತ್ರ ಬರೆಯುವುದು ಇವೆಲ್ಲ ಸರಿ. ಹೊಡೆಯುವುದು, ಊಟ ತಪ್ಪಿಸುವುದು, ಎಲ್ಲರ ಮುಂದೆ ನಿಲ್ಲಿಸಿ ಅವಮಾನ ಮಾಡುವುದು ಸರಿಯಲ್ಲ. ಇದನ್ನು ಮಗುವಿಗೂ ಹೇಳಿ. ಯಾವ ಶಿಕ್ಷೆ ಒಪ್ಪಿಕೊಳ್ಳಬೇಕು, ಯಾವುದನ್ನು ಮನೆಗೆ ಹೇಳಬೇಕು ಅಂತ ಅದಕ್ಕೆ ಗೊತ್ತಿರಲಿ.

ಇದೇ ವಾರಗಳಲ್ಲಿ: ಡಾಕ್ಟರ್, ಕನ್ನಡಕ, ಹೇನು

ಹಲ್ಲು ಮತ್ತು ಕಣ್ಣು ಈಗಲೇ ತೋರಿಸಿ. ಹೊರಡುವ ಹಿಂದಿನ ವಾರ ಹುಳುಕು ಸಿಕ್ಕರೆ ಎರಡನೇ ಸಲ ಡಾಕ್ಟರ್ ಹತ್ತಿರ ಹೋಗಲು ದಿನ ಉಳಿಯುವುದಿಲ್ಲ. ಕನ್ನಡಕ ಇದ್ದರೆ ಎರಡು ಜೊತೆ ಮಾಡಿಸಿ. ಒಂದು ಖಂಡಿತ ಚೆಂಡಿಗೆ ಬಲಿಯಾಗುತ್ತದೆ.

ಲಸಿಕೆ ಕಾರ್ಡ್ ತೆಗೆದು ನೋಡಿ. ಏನಾದರೂ ಬಿಟ್ಟುಹೋಗಿದ್ದರೆ ಹಾಕಿಸಿ. ಸೀತಾಳೆ ಸಿಡುಬಿನ ವಿಷಯದಲ್ಲಿ ಹಾಸ್ಟೆಲ್ಲಿನವರಿಗೆ ಭಯ ಜಾಸ್ತಿ. ಸೋಂಕು ತಗುಲಿ 10ರಿಂದ 21 ದಿನದ ಮೇಲೆ ಗುಳ್ಳೆ ಕಾಣುತ್ತದೆ. ಮೈ ತುಂಬ ಗುಳ್ಳೆ ಬರುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗಿರುತ್ತದೆ. ಹಾಗಾಗಿ ಒಬ್ಬನನ್ನು ಬೇರೆ ಮಲಗಿಸಿದರೂ ಎರಡು ಮೂರು ವಾರ ಬಿಟ್ಟು ಇನ್ನೊಂದು ಸಾಲು ಮಲಗುತ್ತದೆ.

ಹೇನು ನೋಡುವುದನ್ನು ಎಲ್ಲರೂ ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳುತ್ತಾರೆ. ಅದು ತಡ. ಸೀರು ಒಡೆಯಲು ಸುಮಾರು ಒಂದು ವಾರ ಬೇಕು. ಎಷ್ಟೋ ಔಷಧಿಗಳು ಹೇನನ್ನು ಕೊಲ್ಲುತ್ತವೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಅದಕ್ಕೇ ಏಳರಿಂದ ಹತ್ತು ದಿನ ಬಿಟ್ಟು ಎರಡನೇ ಸಲ ಹಚ್ಚಬೇಕು. ಹಾಗಾದರೆ ಮೂರು ವಾರ ಮೊದಲು ತಲೆ ನೋಡಿದರೆ ಮಾತ್ರ ಕೆಲಸ ಮುಗಿಯುತ್ತದೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗ, ಕೂದಲಿನ ಬುಡದ ಹತ್ತಿರ ನೋಡಿ. ಕಜ್ಜಿಯೂ ಹೀಗೇ. ಮೊದಲ ಸಲ ಬಂದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಆಗಬಹುದು. ಮನೆಯಲ್ಲಿ ಒಬ್ಬರಿಗಿದ್ದರೆ ತುರಿಕೆ ಇಲ್ಲದವರಿಗೂ ಸೇರಿಸಿ ಒಟ್ಟಿಗೇ ಔಷಧಿ ಮಾಡಬೇಕು.

ದಿನಾ ಮಾತ್ರೆ ಇರುವ ಮಗುವಿಗೆ ಮಾತ್ರೆಗಳನ್ನು ಡಬ್ಬಿಗೆ ಸುರಿದು ಕಳಿಸಬೇಡಿ. ಹೆಸರು, ತಾರೀಖು ಕಾಣುವ ಹಾಗೆ ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ಡಾಕ್ಟರ್ ಚೀಟಿ. ಆಸ್ತಮಾ ಇದ್ದರೆ ಒಂದು ಮಾತು ಮೊದಲೇ ಆಡಿಕೊಳ್ಳಿ: ಉಬ್ಬಸ ಬಂದಾಗ ತೆಗೆದುಕೊಳ್ಳುವ ಇನ್‌ಹೇಲರ್ ಮಗುವಿನ ಕೈಗೆ ಸಿಗುವ ಹಾಗೆ ಇರಬೇಕು. ಬೀಗ ಹಾಕಿದ ಸಿಕ್ ರೂಮಿನ ಬೀರುವಿನಲ್ಲಿ ಇದ್ದರೆ ಏನು ಪ್ರಯೋಜನ?

ಹಾಸಿಗೆಯಲ್ಲಿ ಮೂತ್ರ ಹೋಗುವ ವಿಷಯ. ಮುಚ್ಚಿಡಬೇಡಿ, ದಯವಿಟ್ಟು. ಹತ್ತು ವರ್ಷದ ಇಪ್ಪತ್ತು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಅಂದರೆ ಪ್ರತಿ ಕೋಣೆಯಲ್ಲಿ ಒಬ್ಬರು ಅನ್ನಿ. ಮಗುವಿನ ತಪ್ಪಲ್ಲ, ಡಾಕ್ಟರ್ ಹತ್ತಿರ ಒದ್ದೆಯಾದ ಕೂಡಲೇ ಎಬ್ಬಿಸುವ ಅಲಾರಂ, ಮಾತ್ರೆ ಎರಡೂ ಇವೆ. ವಾರ್ಡನ್‌ಗೆ ಮೊದಲೇ ಗುಟ್ಟಾಗಿ ಹೇಳಿದರೆ ಬಾತ್‌ರೂಮಿನ ಹತ್ತಿರದ ಹಾಸಿಗೆ ಕೊಡುತ್ತಾರೆ, ಬೆಳಗ್ಗೆ ಗಂಟೆಗೆ ಮೊದಲು ಎಬ್ಬಿಸುತ್ತಾರೆ. ಹೇಳದೆ ಕಳಿಸಿದ ಮಕ್ಕಳು ಒದ್ದೆ ಬೆಡ್‌ಶೀಟನ್ನು ಟ್ರಂಕಿನಲ್ಲಿ ಬಚ್ಚಿಟ್ಟಿದ್ದನ್ನು ನೋಡಿದ್ದೇನೆ. ಮೂರು ದಿನ ಯಾರ ಜೊತೆಗೂ ಮಾತಾಡದೆ ಇದ್ದಳು ಒಬ್ಬಳು. ಕಾರಣ ಗೊತ್ತಾಗಲು ನನಗೆ ಅಷ್ಟು ದಿನ ಬೇಕಾಯಿತು.

ಒಂಬತ್ತು ಹತ್ತು ದಾಟಿದ ಹೆಣ್ಣುಮಕ್ಕಳಿಗೆ, ಮುಟ್ಟು ಇನ್ನೂ ಶುರುವಾಗದೆ ಇದ್ದರೂ, ಒಂದು ಚಿಕ್ಕ ಚೀಲ ಮಾಡಿ ಕೊಡಿ. ಪ್ಯಾಡ್, ಎರಡು ಗಾಢ ಬಣ್ಣದ ಒಳಉಡುಪು, ಸುತ್ತಿ ಹಾಕಲು ಹಳೇ ಪೇಪರ್. ಹೇಗೆ ಇಟ್ಟುಕೊಳ್ಳುವುದು ಅಂತ ಮನೆಯಲ್ಲೇ ತೋರಿಸಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಎಲ್ಲಿ ಬಿಸಾಡಬೇಕು, ಮುಗಿದರೆ ಯಾರನ್ನು ಕೇಳಬೇಕು ಎಂದೂ ಹೇಳಿ. ಅಮ್ಮ ಇಲ್ಲದ ಮನೆಯಲ್ಲಿ ಅಪ್ಪ ಹೇಳಲಿ. ಹೇಳಿದ ಅಪ್ಪಂದಿರನ್ನು ನೋಡಿದ್ದೇನೆ, ಮಕ್ಕಳಿಗೆ ಅದು ಸಹಜವಾಗಿಯೇ ಇತ್ತು.

ಮೂರು ನಾಲ್ಕು ವಾರ ಮೊದಲು: ಕೈ ಪಳಗಲಿ

ಇಲ್ಲೇ ನಾನು ಸೋತದ್ದು. ಮಗಳ ಟ್ರಂಕು ನಾನೇ ಜೋಡಿಸಿದ್ದೆ. ಎಷ್ಟು ಚೆನ್ನಾಗಿ ಅಂದರೆ ಫೋಟೋ ಕೂಡ ತೆಗೆದಿದ್ದೆ. ಒಂದು ವಾರಕ್ಕೆ ಅವಳ ಪತ್ರ ಬಂತು. ‘ಅಮ್ಮ, ಟವೆಲ್ ಕೊಡೋದು ಮರ್ತಿದ್ದೀಯ, ಪಕ್ಕದವಳ ಹತ್ರ ಇಸ್ಕೊಳ್ತಿದ್ದೀನಿ.’ ಎರಡು ಟವೆಲ್ ಟ್ರಂಕಿನ ತಳದಲ್ಲಿ, ಸ್ವೆಟರಿನ ಕೆಳಗೆ ಇದ್ದವು. ಟವೆಲ್ ಹಂಚಿಕೊಳ್ಳಬೇಡಿ ಅಂತ ಒಂಬತ್ತು ವರ್ಷ ಬೈದವಳ ಮಗಳು!

ಹಾಗಾಗಿ ಮಗುವೇ ಮಾಡಲಿ, ನೀವು ಪಕ್ಕದಲ್ಲಿರಿ. ದಿನಾ ಒಳಉಡುಪು ಮತ್ತು ಕಾಲುಚೀಲ ಕೈಯಲ್ಲಿ ಒಗೆದು, ಹಿಂಡಿ, ಒಣಗಲು ಹಾಕುವುದು. ಹಿಂಡುವುದನ್ನು ಕಲಿಸಲೇಬೇಕು, ಅದು ತಾನಾಗಿ ಬರುವುದಿಲ್ಲ. ಹಾಸಿಗೆ ಸರಿಮಾಡುವುದು, ದಿಂಬಿಗೆ ಕವರ್ ಹಾಕುವುದು. ಶೂ ಪಾಲಿಶ್. ಕೂದಲು ಉದ್ದ ಇದ್ದರೆ ಸ್ವಂತ ಜಡೆ. ಬರದಿದ್ದರೆ ಕತ್ತರಿಸುವುದೇ ವಾಸಿ. ಬೆಳಗ್ಗೆ ಆರು ಗಂಟೆಗೆ ಜಡೆ ಹಾಕಲು ಯಾರೂ ಸಿಗುವುದಿಲ್ಲ. ಬಟನ್ ಹೊಲಿಯುವುದು ಗಂಡು ಹುಡುಗರಿಗೂ ಬರಲಿ. ಲಾಂಡ್ರಿಗೆ ಕೊಡುವಾಗ ಬಟ್ಟೆ ಎಣಿಸಿ ಬರೆಯುವುದು, ವಾಪಸ್ ಬಂದಾಗ ಮತ್ತೆ ಎಣಿಸುವುದು.

ಸ್ನಾನಕ್ಕೆ ಹತ್ತು ನಿಮಿಷ, ಊಟಕ್ಕೆ ಇಪ್ಪತ್ತು ನಿಮಿಷ ಅಂತ ಮನೆಯಲ್ಲೇ ಆಟದ ಹಾಗೆ ಮಾಡಿ. ಇಷ್ಟವಿಲ್ಲದ ತರಕಾರಿ ತಟ್ಟೆಗೆ ಬಂದರೆ ಮೂರು ತುತ್ತು ತಿನ್ನುವ ರೂಢಿ ಆಗಲಿ. ಮೆಸ್ಸಿನಲ್ಲಿ ನಿಮ್ಮ ಮಗುವಿಗೊಂದು ಬೇರೆ ಪಲ್ಯ ಇರುವುದಿಲ್ಲ.

ನಿದ್ದೆಯ ಲೆಕ್ಕ ಸ್ವಲ್ಪ ಗಮನ ಕೊಟ್ಟು ಹಾಕಿ. ನಿದ್ದೆಯ ವೈದ್ಯರು ಹೇಳುವ ಪ್ರಕಾರ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ. ಹಾಸ್ಟೆಲ್ ವೇಳಾಪಟ್ಟಿಯನ್ನು ಇದರ ಪಕ್ಕ ಇಡಿ. ಬೆಳಗ್ಗೆ ಐದೂವರೆಗೆ ಎದ್ದೇಳುವ ಗಂಟೆ, ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವುದು ಅಂದರೆ ಎಂಟು ಗಂಟೆ. ಹದಿನಾಲ್ಕರವನಿಗೆ ಹೇಗೋ ಸಾಕು, ಹತ್ತರವನಿಗೆ ಕಡಿಮೆ. ಚಿಕ್ಕ ತರಗತಿಯವರಿಗೆ ಬೇರೆ ವೇಳೆ ಇದೆಯಾ, ಮಧ್ಯಾಹ್ನ ವಿಶ್ರಾಂತಿ ಇದೆಯಾ ಎಂದು ಕೇಳಿ. ಮನೆಯಲ್ಲಿ ರಜೆಯ ಗುಂಗಿನಲ್ಲಿ ಒಂಬತ್ತಕ್ಕೆ ಏಳುತ್ತಿರುವ ಮಗುವನ್ನು ಒಂದೇ ದಿನ ಐದೂವರೆಗೆ ತರಲಾಗದು. ಎರಡು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಮೂರೂವರೆ ಗಂಟೆಗೆ ನಾಲ್ಕು ವಾರ ಸರಿಯಾಗಿ ಹಿಡಿಯುತ್ತದೆ. ನೀವು ಎಬ್ಬಿಸಬೇಡಿ, ಅಲಾರಂ ಎಬ್ಬಿಸಲಿ.

ಎರಡು ರಾತ್ರಿ ನೆಂಟರ ಮನೆಯಲ್ಲಿ ನೀವಿಲ್ಲದೆ ಮಲಗಿ ಬರಲಿ. ಫೋನ್ ಬೇಡ. ಈ ಅಭ್ಯಾಸ ಇರುವ ಮಕ್ಕಳು ಹಾಸ್ಟೆಲ್ಲಿನ ಮೊದಲ ವಾರವನ್ನು ಬೇರೆ ಥರ ದಾಟುತ್ತಾರೆ.

ಇನ್ನೊಂದು ಆಟ ಇದೆ, ‘ಏನ್ಮಾಡ್ತೀಯ’ ಅಂತ. ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂತು, ಏನ್ಮಾಡ್ತೀಯ? ಶೂ ಕಾಣೆ, ಗಂಟೆ ಹೊಡೆದಿದೆ, ಏನ್ಮಾಡ್ತೀಯ? ದೊಡ್ಡ ಕ್ಲಾಸಿನವನು ನಿನ್ನ ದುಡ್ಡು ಕೇಳಿದ? ಯಾರೋ ಗುಟ್ಟಾಗಿ ಇಟ್ಟುಕೋ ಅಂದರು? ನನಗೆ ಆಶ್ಚರ್ಯ ಆಗುತ್ತಿದ್ದದ್ದು ಮೊದಲನೆಯದರ ಉತ್ತರ. ಬಹಳ ಮಕ್ಕಳು ‘ಬೆಳಗಾಗೋ ತನಕ ಕಾಯ್ತೀನಿ’ ಅನ್ನುತ್ತಾರೆ. ದೊಡ್ಡವರನ್ನು ಎಬ್ಬಿಸಿದರೆ ಬೈಯುತ್ತಾರೆ ಅಂತ ಭಯ. ಬಾಗಿಲು ತಟ್ಟಿ ‘ಮಿಸ್, ನಂಗೆ ಹುಷಾರಿಲ್ಲ’ ಅನ್ನುವುದನ್ನು ಜೋರಾಗಿ ಬಾಯಲ್ಲಿ ಹೇಳಿಸಿ ಅಭ್ಯಾಸ ಮಾಡಿಸಿ. ನಗು ಬರುತ್ತದೆ, ಬರಲಿ.

ಕೊನೆಯ ಎರಡು ವಾರ: ಟ್ರಂಕು

ಶಾಲೆ ಕೊಟ್ಟ ಪಟ್ಟಿಯಲ್ಲಿ ಇರುವುದು ಇರಲಿ. ಪಟ್ಟಿಯಲ್ಲಿ ಇಲ್ಲದ್ದನ್ನು ಮಂಚದ ಮೇಲೆ ಹರಡಿ, ಅರ್ಧ ತೆಗೆಯಿರಿ. ಉಳಿದದ್ದರಲ್ಲಿ ಮತ್ತೆ ಅರ್ಧ.

ಶೂ ಹೊರಡುವ ಎರಡು ವಾರ ಮೊದಲು ಕೊಳ್ಳಿ. ಬಹಳ ಮೊದಲು ಕೊಂಡರೆ ಕಾಲು ಬೆಳೆದುಬಿಡುತ್ತದೆ. ಹಿಂದಿನ ದಿನ ಕೊಂಡರೆ ಹಿಮ್ಮಡಿ ಕಚ್ಚಿ ಬೊಬ್ಬೆ ಬರುತ್ತದೆ. ಸಂಜೆ ಹೊತ್ತು ಅಳತೆ ನೋಡಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲಿ. ಸಮವಸ್ತ್ರದ ಅಂಚನ್ನು ಒಳಗೆ ಮಡಚಿ ಹೊಲಿಸಿ, ವರ್ಷದ ನಡುವೆ ಬಿಚ್ಚಬಹುದು.

ಹೆಸರು ಹಾಕುವ ಕೆಲಸ ಬೇಜಾರಿನದು. ಆದರೆ ಇದನ್ನು ಬಿಟ್ಟರೆ ಎಲ್ಲ ಬಿಟ್ಟಂತೆ. ಇನ್ನೂರು ಬಿಳಿ ಅಂಗಿಗಳು ಒಂದೇ ಹಂಡೆಗೆ ಬೀಳುವ ಜಾಗ ಅದು. ಹೆಸರಿನ ಜೊತೆ ಹಾಸ್ಟೆಲ್ ನಂಬರ್ ಇರಲಿ, ಒಂದೇ ಹೆಸರಿನವರು ಮೂವರು ಇರುತ್ತಾರೆ. ಅಂಗಿಗೆ ಕಾಲರಿನ ಒಳಗೆ, ಪ್ಯಾಂಟಿಗೆ ಸೊಂಟಪಟ್ಟಿಯ ಒಳಗೆ, ಕಾಲುಚೀಲಕ್ಕೆ ಮೇಲಿನ ಅಂಚಿನಲ್ಲಿ. ಅಂಗಾಲಿನಲ್ಲಿ ಬರೆದದ್ದು ಸವೆದು ಹೋಗುತ್ತದೆ. ಬಟ್ಟೆಯ ಪಟ್ಟಿ ಹೊಲಿಯುವುದಾದರೆ ನಾಲ್ಕೂ ಕಡೆ ಹೊಲಿಯಿರಿ. ಎರಡು ತುದಿ ಮಾತ್ರ ಹೊಲಿದರೆ ಕಿತ್ತು ಬರುತ್ತದೆ. ಮಾರ್ಕರ್ ಪೆನ್ನಿನಲ್ಲಿ ಬರೆದರೆ ಒಂದು ಬಟ್ಟೆ ಎರಡು ಸಲ ಒಗೆದು ನೋಡಿ, ಆಮೇಲೆ ಉಳಿದದ್ದು ಬರೆಯಿರಿ. ಬಕೆಟ್, ಮಗ್, ಸೋಪಿನ ಡಬ್ಬಿ, ಡಬ್ಬಿಯ ಮುಚ್ಚಳ ಎಲ್ಲಕ್ಕೂ. ಮುಚ್ಚಳ ಮರೆಯಬೇಡಿ.

ಬೀಗಕ್ಕೆ ಎರಡು ಕೀಲಿ. ಒಂದು ಮಗುವಿನ ಹತ್ತಿರ, ಒಂದು ವಾರ್ಡನ್ ಹತ್ತಿರ. ನಂಬರ್ ಬೀಗ ಕೊಡುವುದಾದರೆ ಮಗು ಅದನ್ನು ಕತ್ತಲಲ್ಲೂ ತೆಗೆಯುವಷ್ಟು ಅಭ್ಯಾಸ ಆಗಲಿ. ನಂಬರ್ ಹುಟ್ಟಿದ ವರ್ಷ ಬೇಡ, ಕೋಣೆಯವರಿಗೆಲ್ಲ ಅದು ಗೊತ್ತಿರುತ್ತದೆ.

ಜೋಡಿಸುವಾಗ ಮಗುವಿನ ಕೈ, ನಿಮ್ಮ ಬಾಯಿ. ಸಾಧ್ಯವಾದರೆ ಬಾಯಿಯೂ ಬೇಡ. ಮೊದಲ ರಾತ್ರಿ ಬೇಕಾಗುವುದು ಮೇಲೆ: ಬೆಡ್‌ಶೀಟ್, ರಾತ್ರಿ ಬಟ್ಟೆ, ಬ್ರಷ್, ಟವೆಲ್. ಒಟ್ಟು ಸಾಮಾನಿನ ಪಟ್ಟಿಯನ್ನು ಮಗುವಿನ ಕೈಬರಹದಲ್ಲೇ ಬರೆಸಿ ಮುಚ್ಚಳದ ಒಳಗೆ ಅಂಟಿಸಿ. ರಜೆಗೆ ಹೊರಡುವಾಗ ಅದೇ ಪಟ್ಟಿ ಕೆಲಸಕ್ಕೆ ಬರುತ್ತದೆ. ಮನೆಯವರ ಒಂದು ಫೋಟೋ, ಹಳೇ ಹೊದಿಕೆಯ ತುಂಡೋ, ಒಂದು ಗೊಂಬೆಯೋ ಇರಲಿ. ‘ಇಷ್ಟು ದೊಡ್ಡವನಿಗೆ ಗೊಂಬೆ ಯಾಕೆ’ ಅನ್ನಬೇಡಿ. ರಾತ್ರಿ ಸುತ್ತು ಹೊಡೆಯುವಾಗ ದಿಂಬಿನ ಕೆಳಗಿಂದ ಇಣುಕುವ ಗೊಂಬೆಗಳನ್ನು ಎಷ್ಟೋ ನೋಡಿದ್ದೇನೆ, ಹತ್ತನೇ ತರಗತಿಯವರದೂ ಸೇರಿ.

ಫೋನಿನ ಬಗ್ಗೆ ಶಾಲೆಯ ನಿಯಮ ಏನಿದೆಯೋ ಅದೇ. ಕದ್ದು ಕಳಿಸಿದ ಫೋನ್ ಸಿಕ್ಕೇ ಸಿಗುತ್ತದೆ. ಆಗ ಶಿಕ್ಷೆ ಮಗುವಿಗೆ, ಕಳಿಸಿದವರಿಗಲ್ಲ. ಎರಡು ಫೋನ್ ನಂಬರ್ ಬಾಯಿಪಾಠ ಆಗಲಿ, ಈಗಿನ ಮಕ್ಕಳಿಗೆ ಒಂದೂ ಬರುವುದಿಲ್ಲ. ಪಾಕೆಟ್ ಮನಿ ಕಡಿಮೆ ಇರಲಿ, ಚಿಲ್ಲರೆ ನೋಟಿನಲ್ಲಿರಲಿ, ಲೆಕ್ಕ ಬರೆಯುವ ಒಂದು ಚಿಕ್ಕ ಪುಸ್ತಕದ ಜೊತೆ.

ಹೊರಡುವ ದಿನ

ಬೇಗ ಹೋಗಿ. ಮೊದಲಿಗರಾಗದಿದ್ದರೂ ಕೊನೆಯವರಾಗಬೇಡಿ. ಕೊನೆಗೆ ಬಂದ ಮಗುವಿಗೆ ಬಾಗಿಲ ಪಕ್ಕದ ಹಾಸಿಗೆ, ಮುರಿದ ಕಪಾಟು ಉಳಿದಿರುತ್ತದೆ. ಗುಂಪುಗಳೂ ಆಗಲೇ ಆಗಿರುತ್ತವೆ. ಹಾಸಿಗೆ ಮಗುವೇ ಹಾಸಲಿ. ಬಾತ್‌ರೂಮ್, ನೀರು, ವಾರ್ಡನ್ ಬಾಗಿಲು, ತುರ್ತು ಬಾಗಿಲು ಈ ನಾಲ್ಕನ್ನು ಮಗುವಿನ ಜೊತೆ ನಡೆದು ನೋಡಿ.

ಆಮೇಲೆ ಹೊರಡಿ. ಎರಡು ಮಾತು ಮಾತ್ರ ಹೇಳಬೇಡಿ. ಒಂದು, ‘ಅಂಗಡಿಗೆ ಹೋಗಿ ಬರ್ತೀನಿ’ ಅಂತ ಸುಳ್ಳು ಹೇಳಿ ಜಾರಿಕೊಳ್ಳುವುದು. ಆ ಮಗು ರಾತ್ರಿ ಎಂಟರವರೆಗೆ ಗೇಟು ನೋಡುತ್ತ ಕೂರುತ್ತದೆ. ನಾನು ಪಕ್ಕದಲ್ಲಿ ಕೂತಿದ್ದೇನೆ. ಎರಡು, ‘ಇಷ್ಟ ಆಗ್ಲಿಲ್ಲ ಅಂದ್ರೆ ಹೇಳು, ಬಂದು ಕರ್ಕೊಂಡು ಹೋಗ್ತೀನಿ.’ ಇದು ಪ್ರೀತಿಯ ಮಾತು, ಸುಳ್ಳೂ ಅಲ್ಲ. ಆದರೆ ಇದನ್ನು ಕೇಳಿದ ಮಗು ಆ ಜಾಗಕ್ಕೆ ಹೊಂದಿಕೊಳ್ಳಲು ಕೈಹಾಕುವುದೇ ಇಲ್ಲ. ಮೊದಲ ಕಷ್ಟಕ್ಕೇ ಮೂಟೆ ಕಟ್ಟುತ್ತದೆ. ಬದಲಿಗೆ ತಾರೀಖು ಹೇಳಿ. ‘ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ. 14ಕ್ಕೆ ನೋಡೋಕೆ ಬರ್ತೀನಿ.’ ಹೇಳಿದ ಮೇಲೆ ನಾಲ್ಕು ಗಂಟೆ ಅಂದರೆ ನಾಲ್ಕೇ.

ಮೊದಲ ಮೂರು ವಾರ

ಮನೆಯ ನೆನಪಿನ ಸಂಕಟ ಇಂದಿನದಲ್ಲ. 1688ರಲ್ಲಿ ಬಾಸೆಲ್‌ನಲ್ಲಿ ಯೋಹಾನ್ಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಇದನ್ನೊಂದು ಕಾಯಿಲೆ ಎಂದೇ ತನ್ನ ಪ್ರಬಂಧದಲ್ಲಿ ಬರೆದ. ನೊಸ್ಟಾಲ್ಜಿಯಾ ಎಂಬ ಪದ ಕಟ್ಟಿದವನೂ ಅವನೇ. ಅವನಿಗೆ ಕಂಡ ದೊಡ್ಡ ಮದ್ದು, ರೋಗಿಯನ್ನು ಮನೆಗೆ ಕಳಿಸುವುದು. ಈಗ ಯಾರೂ ಇದನ್ನು ಕಾಯಿಲೆ ಅನ್ನುವುದಿಲ್ಲ. ಹೊಸ ಜಾಗಕ್ಕೆ ಹೋದ ಬಹುಪಾಲು ಮಕ್ಕಳಿಗೆ ಸ್ವಲ್ಪವಾದರೂ ಬರುತ್ತದೆ, ಕೆಲವು ವಾರದಲ್ಲಿ ಇಳಿಯುತ್ತದೆ.

ಇದಕ್ಕೊಂದು ಹೊತ್ತು ಇದೆ. ದೀಪ ಆರಿಸಿದ ಮೇಲಿನ ಅರ್ಧ ಗಂಟೆ, ಭಾನುವಾರ ಮಧ್ಯಾಹ್ನ, ಮತ್ತೆ ಮನೆಯಿಂದ ಫೋನ್ ಬಂದು ಮುಗಿದ ತಕ್ಷಣ. ಪೋಷಕರಿಗೆ ಗೊತ್ತಿಲ್ಲದ ಒಂದು ಗುಟ್ಟು ಹೇಳುತ್ತೇನೆ. ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ ಮಗು ಫೋನಿಟ್ಟು ಹತ್ತು ನಿಮಿಷಕ್ಕೆ ಮೈದಾನದಲ್ಲಿ ಕೂಗಾಡುತ್ತಿರುತ್ತದೆ. ಆ ಕಡೆ ಅಮ್ಮ ಮಾತ್ರ ರಾತ್ರಿಯೆಲ್ಲ ಮಲಗಿರುವುದಿಲ್ಲ. ಮಗು ಅಳುವುದಕ್ಕೆ ಜಾಗ ಹುಡುಕಿಕೊಂಡಿದೆ, ಆ ಜಾಗ ನೀವು. ಹಾಗಾಗಿ ಅತ್ತರೆ ಅಳಲಿ. ನೀವು ಅಳುವುದು ಫೋನಿಟ್ಟ ಮೇಲೆ.

ಮಾತಿನಲ್ಲಿ ‘ನಮ್ಮ ನೆನಪು ಬರುತ್ತಾ?’ ಎಂದು ಕೇಳಬೇಡಿ. ‘ಊಟಕ್ಕೆ ಯಾರ ಪಕ್ಕ ಕೂತೆ? ಬಕೆಟ್ ಸಿಕ್ತಾ? ಇವತ್ತು ಆಟದಲ್ಲಿ ಏನಾಯ್ತು?’ ಎಂದು ಕೇಳಿ. ಮಗುವಿಗೆ ಹೇಳಲು ಕತೆ ಸಿಗುತ್ತದೆ, ನಿಮಗೂ ನಿಜ ಸಂಗತಿ ಗೊತ್ತಾಗುತ್ತದೆ. ಎರಡನೇ ವಾರ ಪಕ್ಕದಲ್ಲಿ ಕೂತವರ ಒಂದಾದರೂ ಹೆಸರು ಮಗುವಿನ ಬಾಯಿಗೆ ಬಂದರೆ ನನಗೆ ಅರ್ಧ ಚಿಂತೆ ಇಳಿಯುತ್ತದೆ. ಪತ್ರ ಬರೆಯಿರಿ. ನಿಜವಾದ ಕಾಗದದ ಪತ್ರ. ಅದನ್ನು ಮಕ್ಕಳು ಮತ್ತೆ ಮತ್ತೆ ಓದುತ್ತಾರೆ, ಫೋನನ್ನು ಮತ್ತೆ ಕೇಳಲಾಗದು.

ಎಲ್ಲ ಅಳುವೂ ಮನೆ ನೆನಪಿನದಲ್ಲ. ಎರಡು ಮೂರು ವಾರ ಕಳೆದರೂ ಊಟ, ನಿದ್ದೆ ಸೇರದಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಮಾತಾಡುವ ಮಗು ಫೋನಿನಲ್ಲಿ ಹೂಂ ಊಹೂಂ ಮಾತ್ರ ಅಂದರೆ ಕಿವಿ ಚುರುಕಾಗಲಿ. ಒಬ್ಬ ವ್ಯಕ್ತಿಯ ಅಥವಾ ಒಂದು ಜಾಗದ ಹೆಸರು ಬಂದಾಗ ಮಗು ಸುಮ್ಮನಾದರೆ, ಮೈಮೇಲೆ ಗಾಯ ಕಂಡರೆ ಫೋನ್ ಮಾಡುತ್ತ ಕೂರಬೇಡಿ. ಹೋಗಿ. ಭೇಟಿಯ ದಿನ ಅಲ್ಲದಿದ್ದರೂ ಹೋಗಿ. ಆ ನಿಯಮ ಇಂಥ ದಿನಕ್ಕಲ್ಲ. ಫೋನಿನ ಪಕ್ಕ ಯಾರಾದರೂ ನಿಂತಿರಬಹುದು, ಅದಕ್ಕೆ ಮನೆಯಲ್ಲೇ ಒಂದು ಗುಟ್ಟಿನ ಪದ ಮಾಡಿಕೊಂಡಿರಿ. ನಾವು ‘ನೀಲಿ ಕೊಡೆ’ ಅಂತ ಇಟ್ಟುಕೊಂಡಿದ್ದೆವು. ಮಗಳು ಅದನ್ನು ಒಂದೇ ಸಲ ಬಳಸಿದಳು. ಹೋಗಿ ನೋಡಿದರೆ ಜ್ವರ ಬಂದಿದೆ ಅಂತ ಹೇಳಲು ಹೆದರಿದ್ದಳು. ಹೋದದ್ದಕ್ಕೆ ನನಗೇನೂ ಬೇಸರ ಆಗಲಿಲ್ಲ.

ಎರಡನೇ ವರ್ಷಕ್ಕೆ ಹೋಗುವವರಿಗೆ

ಹಳೇ ಮಕ್ಕಳ ಮನೆಯವರು ಏನೂ ತಯಾರಿ ಬೇಡ ಅಂದುಕೊಳ್ಳುತ್ತಾರೆ. ಕೋಣೆ ಬದಲಾಗುತ್ತದೆ, ಜೊತೆಗಿದ್ದ ಗೆಳತಿ ಬೇರೆ ಕೋಣೆಗೆ ಹೋಗಿರಬಹುದು, ವಾರ್ಡನ್ ಹೊಸಬರಿರಬಹುದು. ನಿಯಮದ ಪುಸ್ತಕವೂ ಪ್ರತಿ ವರ್ಷ ಸ್ವಲ್ಪ ಬದಲಾಗುತ್ತದೆ, ಮುಖ್ಯವಾಗಿ ಫೋನ್ ಮತ್ತು ಹೊರಗೆ ಹೋಗುವ ಅನುಮತಿಯ ಪುಟ. ಈ ಸಲ ಮಗು ನಿಮಗೆ ಓದಿ ಹೇಳಲಿ. ಯಾವ ನಿಯಮ ನಿಜವಾಗಿ ನಡೆಯುತ್ತದೆ, ಯಾವುದು ಪುಸ್ತಕದಲ್ಲಿ ಮಾತ್ರ ಇದೆ ಎಂದು ಅದಕ್ಕೇ ಚೆನ್ನಾಗಿ ಗೊತ್ತು. ನೀವು ಸುಮ್ಮನೆ ಕೇಳಿ, ಬಹಳ ವಿಷಯ ಹೊರಗೆ ಬರುತ್ತದೆ.

ಮೊದಲ ರಜೆಗೆ ಟ್ರಂಕು ವಾಪಸ್ ಬಂದಾಗ ನೇರ ಮಲಗುವ ಕೋಣೆಗೆ ತರಬೇಡಿ. ಬಾಗಿಲಲ್ಲೇ ಬಿಚ್ಚಿ ಬಟ್ಟೆಯೆಲ್ಲ ಬಿಸಿನೀರಿಗೆ ಹಾಕಿ, ತಲೆ ಒಮ್ಮೆ ನೋಡಿ. ಮುಚ್ಚಳದ ಪಟ್ಟಿಯ ಜೊತೆ ಎಣಿಸಿ. ನಮ್ಮ ಮನೆಗೆ ಬಂದದ್ದು ಏಳು ಕಾಲುಚೀಲ. ಅದರಲ್ಲಿ ಮೂರರ ಮೇಲೆ ಬೇರೆಯವರ ನಂಬರ್ ಇತ್ತು. ಒಗೆದು, ಮಡಚಿ, ಒಂದು ಕವರಿನಲ್ಲಿ ಹಾಕಿ ವಾಪಸ್ ಕಳಿಸಿದೆ.